ಬೇರೆಯವರ ಮಾತಿನ ಕೆಳಗೆ ಸಹಿ

ನಮ್ಮ ಭಾವನವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಕೇಳಿದವರು ಹೊಗಳಿಕೆ ಎಂದುಕೊಳ್ಳುತ್ತಾರೆ. ಅಂಥವರು ಒಂದು ವಾರ ಅವರ ಮನೆಯಲ್ಲಿದ್ದು ನೋಡಲಿ. ಬಂದ ನೆಂಟರು ಸಂಕೋಚಕ್ಕೆ "ನಮ್ಮಿಂದ ತೊಂದರೆ ಆಯ್ತೇನೋ" ಅಂದರೆ "ಸ್ವಲ್ಪ ಆಯ್ತು" ಅನ್ನುವ ಮನುಷ್ಯ. ನನ್ನ ಅಕ್ಕ ಅವರನ್ನು ಕಟ್ಟಿಕೊಂಡು ಇಪ್ಪತ್ತೊಂಬತ್ತು ವರ್ಷವಾಯಿತು. ಅದರಲ್ಲಿ ಅರ್ಧ ಕಾಲ ಅವರು ಆಡಿದ ಮಾತಿಗೆ ತೇಪೆ ಹಚ್ಚುವುದರಲ್ಲೇ ಕಳೆದಿದೆ.

ಭಾವ ಲಿಫ್ಟ್ ಮೆಕ್ಯಾನಿಕ್. ಮೂವತ್ನಾಲ್ಕು ವರ್ಷ ಎತ್ತರದ ಕಟ್ಟಡಗಳ ನೆತ್ತಿಯ ಮೇಲಿರುವ ಮೋಟಾರು ಕೋಣೆಗಳಲ್ಲಿ ಗ್ರೀಸು ಮೆತ್ತಿಕೊಂಡು ದುಡಿದವರು. ಆ ಕೋಣೆಗಳಲ್ಲಿ ಮೊಳೆಗೆ ಒಂದು ಕಾರ್ಡು ತೂಗುಹಾಕಿರುತ್ತಾರೆ. ತಿಂಗಳಿಗೊಮ್ಮೆ ಬರುವ ಮೆಕ್ಯಾನಿಕ್ ಎಲ್ಲವನ್ನೂ ಪರೀಕ್ಷಿಸಿ ಅದರಲ್ಲಿ ತಾರೀಕು ಹಾಕಿ ಸಹಿ ಮಾಡಬೇಕು. ಬೇರೆಯವರು "ಓಕೆ" ಎಂದು ಗೀಚಿ ಇಳಿದುಬಿಡುತ್ತಿದ್ದರು. ಭಾವ ಹಾಗೆ ಬರೆಯುತ್ತಿರಲಿಲ್ಲ. "ನಾಳೆ ಅದು ಹೇಗಿರುತ್ತೋ ನಂಗೇನು ಗೊತ್ತು? ಇವತ್ತು ನೋಡಿದೆ. ಅಷ್ಟಕ್ಕೆ ಮಾತ್ರ ನಾನು ಜವಾಬ್ದಾರ" ಎನ್ನುತ್ತಿದ್ದರು. ಹಾಗಾಗಿ "ನೋಡಿದೆ" ಎಂದು ಬರೆದು ಕೆಳಗೆ ತಮ್ಮ ಪೂರ್ತಿ ಹೆಸರು ಹಾಕುತ್ತಿದ್ದರು. ಜೊತೆಯ ಕೆಲಸಗಾರರು ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. "ನೋಡಿದೆ ಬಂದ್ರಾ?" "ಇಲ್ಲ, ನೋಡಿದೆಗೆ ಇವತ್ತು ರಜಾ."

ಮಂಡಿ ಸವೆದು ಕೆಲಸ ಬಿಟ್ಟ ಮೇಲೂ ಜನ ಫೋನ್ ಮಾಡುವುದನ್ನು ಬಿಡಲಿಲ್ಲ. ನಮ್ಮ ಲಿಫ್ಟ್ ಗಡಗಡ ಅನ್ನುತ್ತೆ, ನಮ್ಮದು ಎರಡನೇ ಮಹಡಿ ಬಿಟ್ಟು ಮೂರಕ್ಕೆ ಹೋಗುತ್ತೆ, ಏನು ಮಾಡೋದು ಸಾರ್? ಊಟದ ನಡುವೆಯೂ ಫೋನು. ಕೊನೆಗೆ ಅವರ ಮಗಳು ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಹೆಸರು "ಮೇಲೆ ಕೆಳಗೆ". ಯಾರು ಬೇಕಾದರೂ ತಮ್ಮ ಕಟ್ಟಡದ ಲಿಫ್ಟಿನ ಕಷ್ಟ ಅಲ್ಲಿ ಬರೆಯಬಹುದು, ಭಾವ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಉತ್ತರ ಬರೆಯುವರು. ಎರಡು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ದೂರುಗಳು ಬಂದವು. ಪ್ರತಿಯೊಂದರ ಕೆಳಗೂ ಭಾವ ಹಳೇ ಅಭ್ಯಾಸದಂತೆ "ನೋಡಿದೆ" ಎಂದು ಬರೆದು ತಾರೀಕು ಹಾಕಿದರು.

ಅಪ್ಪನಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ ಎಂದು ವೆಬ್‌ಸೈಟನ್ನು ಅವಳು ತನ್ನ ಹೆಸರಿನಲ್ಲೇ ನೋಂದಾಯಿಸಿದ್ದಳು. ನಾನು ಇಪ್ಪತ್ತೆರಡು ವರ್ಷದಿಂದ ವಕೀಲರೊಬ್ಬರ ಹತ್ತಿರ ಗುಮಾಸ್ತ. ಕಾಗದದಲ್ಲಿ ಯಾರ ಹೆಸರಿದೆಯೋ ಅವರೇ ಸಿಕ್ಕಿಬೀಳುವುದು ಎಂದು ದಿನಾ ನೋಡುವವನು. ಅವಳು ನೋಂದಾಯಿಸುವಾಗ ನಾನು ಅಲ್ಲೇ ಇದ್ದೆ. ನನ್ನ ಕಣ್ಣಿಗೆ ಯಾವ ಮಣ್ಣು ಬಿದ್ದಿತ್ತೋ, ತೆಪ್ಪಗೆ ಕೂತು ಕಾಫಿ ಕುಡಿದು ಬಂದೆ.

ನೋಟಿಸು ಬಂದದ್ದು ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. ನಾನು ಹೋಗುವಷ್ಟರಲ್ಲಿ ಮಗಳು ನಡುಮನೆಯ ಮೇಜಿನ ಮುಂದೆ ಮೂರು ಹಾಳೆ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲೇ ಇನ್ನೊಂದು ಕಾಗದವಿತ್ತು. ಅದು ಅವಳಿಗೆ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಕೆಲಸದ ಆದೇಶ ಸಿಗುವ ಮೊದಲು ತುಂಬಬೇಕಾದ ಪರಿಶೀಲನೆಯ ಫಾರಂ. ನಾಲ್ಕು ವರ್ಷ, ಮೂರು ಪರೀಕ್ಷೆ, ಎರಡು ಸಲ ಒಂದೆರಡು ಅಂಕಕ್ಕೆ ತಪ್ಪಿದ ಕೆಲಸ ಅದು. ಫಾರಂ ಸೋಮವಾರ ಕೊಡಬೇಕಿತ್ತು. ಹದಿನಾಲ್ಕನೇ ಪ್ರಶ್ನೆ: ನಿಮ್ಮ ಮೇಲೆ ಯಾವುದಾದರೂ ಮೊಕದ್ದಮೆ ಇದೆಯೇ?

ನೋಟಿಸು ಕಳಿಸಿದ್ದು ಲಿಫ್ಟ್‌ಗಳ ನಿರ್ವಹಣೆ ನೋಡಿಕೊಳ್ಳುವ ಒಂದು ಕಂಪನಿ. "ಆರನೇ ಮಹಡಿ" ಎಂದು ತನ್ನನ್ನು ಕರೆದುಕೊಂಡ ಯಾರೋ ಹದಿನೈದು ದಿನದ ಹಿಂದೆ ಹೀಗೆ ಬರೆದಿದ್ದರು: "ಕಣ್ಣಾಸ್ಪತ್ರೆ ಇರುವ ಕಟ್ಟಡದ ಲಿಫ್ಟ್ ಸರಿಯಾಗಿ ನಿಲ್ಲುವುದಿಲ್ಲ. ಬಾಗಿಲು ತೆರೆದ ಮೇಲೂ ಜಾರುತ್ತದೆ. ಸರ್ವೀಸಿನವರು ಆರು ತಿಂಗಳಿಂದ ಮೇಲೆ ಹತ್ತಿಲ್ಲ. ಕಾರ್ಡನ್ನು ಕೆಳಗೆ ತರಿಸಿಕೊಂಡು ವಾಚ್‌ಮನ್ ಕುರ್ಚಿಯಲ್ಲಿ ಕೂತು ಸಹಿ ಹಾಕಿ ಹೋಗುತ್ತಾರೆ." ಕೆಳಗೆ ಭಾವ: "ನೋಡಿದೆ." ನಲವತ್ತೆಂಟು ಗಂಟೆಯೊಳಗೆ ಇದನ್ನು ಅಳಿಸದಿದ್ದರೆ ವೆಬ್‌ಸೈಟಿನ ಒಡತಿಯ ಮೇಲೆ ಮಾನನಷ್ಟದ ಕೇಸು. ಒಡತಿ ಎಂದರೆ ಈ ಇಪ್ಪತ್ತಾರರ ಹುಡುಗಿ.

"ಬೇರೆಯವರು ಬರೆದಿದ್ದಕ್ಕೆ ನನ್ ಮಗಳು ಯಾಕೆ ಹೊಣೆ?" ಎಂದು ಅಕ್ಕ ನನ್ನನ್ನೇ ತಪ್ಪಿತಸ್ಥನಂತೆ ನೋಡಿದಳು. ಭಾವ ಚಪ್ಪಲಿ ಮೆಟ್ಟಿಕೊಂಡರು. ನಾನು ಅವರನ್ನು ನಮ್ಮ ಲಾಯರ್ ಮೇಡಂ ಹತ್ತಿರ ಕರೆದುಕೊಂಡು ಹೋದೆ.

ಮೇಡಂ ಕಕ್ಷಿಗಾರರಿಗೆ ಕಾನೂನನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುವವರು. "ನೋಡಿ ಸರ್, ಗೋಡೆ ನಿಮ್ಮದು, ಬರೆದೋರು ಬೇರೆಯವರು. ಅಲ್ಲಿ ಏನು ಬರೆದಿದಾರೆ ಅಂತ ನಿಮಗೆ ಗೊತ್ತಿಲ್ಲದಿದ್ರೆ ಕಾನೂನು ನಿಮ್ಮನ್ನ ಮುಟ್ಟಲ್ಲ. ಗೊತ್ತಾದ ಮೇಲೂ ಹಾಗೇ ಬಿಟ್ರೆ ಅದು ನೀವೇ ಬರೆದ ಹಾಗೆ. ಸಾವಿರಾರು ಜನ ಬರೆಯೋ ದೊಡ್ಡ ದೊಡ್ಡ ವೆಬ್‌ಸೈಟಿನವರೆಲ್ಲ ಇದೇ ಹೇಳಿ ಬಚಾವಾಗೋದು, ನಾವು ನೋಡೇ ಇರಲಿಲ್ಲ ಅಂತ." ಅವರು ಹಾಳೆ ತಿರುಗಿಸಿ ಕನ್ನಡಕ ಸರಿಮಾಡಿಕೊಂಡರು. "ನೀವು ಪ್ರತಿಯೊಂದರ ಕೆಳಗೂ 'ನೋಡಿದೆ' ಅಂತ ಬರೆದಿದೀರಲ್ಲ, ಯಾಕೆ?"

"ನೋಡಿದ್ದಕ್ಕೆ," ಎಂದರು ಭಾವ.

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಮೇಡಂ ಕೂಡ ನಗಲಿಲ್ಲ. "ಅದು ಕಂಪ್ಯೂಟರ್ ತಾನಾಗೇ ಹಾಕೋದು, ನಾವು ಓದಲ್ಲ ಅಂತ ಉತ್ತರ ಕೊಡಬಹುದು. ಇಲ್ಲಾ, ಶನಿವಾರ ಹನ್ನೊಂದರ ಒಳಗೆ ಅಳಿಸಿಬಿಡಿ. ಅಳಿಸಿದ್ರೆ ಕೇಸ್ ಹಾಕಲ್ಲ ಅಂತ ಅವರ ವಕೀಲರು ಫೋನಿನಲ್ಲಿ ಒಪ್ಪಿದಾರೆ. ಮಗಳ ಹೆಸರಿಗೆ ಮಸಿ ಹತ್ತಲ್ಲ."

"ಆ ಲಿಫ್ಟ್?"

"ಅದಕ್ಕೇ ಹೇಳ್ತಿದೀನಿ, ಆ ಕಟ್ಟಡದ ಕಡೆ ತಲೆ ಹಾಕಿ ಕೂಡ ಮಲಗಬೇಡಿ. ಈಗ ನೀವು ಆ ಲಿಫ್ಟ್ ಕಣ್ಣಾರೆ ನೋಡಿಲ್ಲ. ನೋಡಿಲ್ಲ ಅನ್ನೋದೇ ಈಗ ನಿಮಗಿರೋ ರಕ್ಷಣೆ."

ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಯಿತಲ್ಲ ಎಂದು ನನಗೆ ಹಾಯೆನಿಸಿತು. ಭಾವ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತರು. "ಗುಮಾಸ್ತರೇ, ಆ ಸರ್ವೀಸ್ ಹುಡುಗರು ಕೆಳಗೆ ಕೂತು ಕಾರ್ಡಿಗೆ ಸಹಿ ಹಾಕಿದಾರೆ ಅಂತ ಓದಿ ಅವರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ನಂದು ಇನ್ನೂ ಮೇಲಾಯ್ತು. ಮನೇಲಿ ಕೂತು ಹಾಕಿದೆ."

"ಭಾವ, ನೀವು ಬರೆದಿದ್ದು ಅವರ ಪತ್ರ ನೋಡಿದೆ ಅಂತ."

"ಓದೋ ಜನಕ್ಕೆ ಹಾಗೆ ಕಾಣುತ್ತಾ? ಮೂವತ್ನಾಲ್ಕು ವರ್ಷದ ಮೆಕ್ಯಾನಿಕ್ ನೋಡಿದಾನೆ ಅಂದ್ರೆ ಲಿಫ್ಟ್ ನೋಡಿದಾನೆ ಅಂತ ತಾನೇ? ಒಂದು ವೇಳೆ ಆ ಆರನೇ ಮಹಡಿಯವನು ಹೊಟ್ಟೆಕಿಚ್ಚಿಗೆ ಸುಳ್ಳು ಬರೆದಿದ್ರೆ?" ಅವರನ್ನು ಏನು ಕಾಡುತ್ತಿದೆ ಎಂದು ನನಗೆ ಆಗ ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ಹೆದರಿಕೆಯಾಯಿತು.

ಹೆದರಿದ್ದೇ ಆಯಿತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಮಗಳು ಇಬ್ಬರೂ ಕಣ್ಣಾಸ್ಪತ್ರೆಗೆ ಹೊರಟು ನಿಂತಿದ್ದರು. ಅಕ್ಕ ನನ್ನನ್ನು ಕರೆಸಿದ್ದು ತಡೆಯುವುದಕ್ಕೆ. ನಾನು ಮೇಡಂ ಹೇಳಿದ್ದನ್ನೆಲ್ಲ ಮತ್ತೆ ಒದರಿದೆ. ಹೋಗಿ ನೋಡಿದರೆ ನೋಡಿಲ್ಲ ಅನ್ನಲು ಆಗುವುದಿಲ್ಲ, ಇರಲಾರದೆ ಇರುವೆ ಬಿಟ್ಟುಕೊಳ್ಳಬೇಡಿ ಎಂದೆ. ಭಾವ ಮಗಳ ಮುಖ ನೋಡಿದರು. ಅವಳು "ಮಾವ, ಸುಳ್ಳಾಗಿದ್ರೆ ಖುಷಿಯಾಗಿ ಅಳಿಸ್ತೀನಿ. ನಿಜ ಆಗಿದ್ರೆ ಏನನ್ನ ಅಳಿಸ್ತಿದೀನಿ ಅಂತಾದ್ರೂ ಗೊತ್ತಿರಲಿ" ಎಂದಳು. ತಡೆಯಲು ಹೋದವನು ಜೊತೆಗೆ ಹೊರಟೆ. ಅಳಿಯನ ಜೊತೆ ಗೆಳೆಯ ಎನ್ನುವ ಹಾಗೆ ನಾನೊಬ್ಬ.

ಒಂಬತ್ತು ಮಹಡಿಯ ಕಟ್ಟಡ. ಕೆಳಗೆ ಔಷಧಿ ಅಂಗಡಿ ಮತ್ತು ಫೋಟೊಕಾಪಿ ಅಂಗಡಿ, ಮೂರನೇ ಮಹಡಿಯಲ್ಲಿ ಕಣ್ಣಾಸ್ಪತ್ರೆ, ಆರರಲ್ಲಿ ಹೊಲಿಗೆಯ ಕಾರ್ಖಾನೆ. ಲಿಫ್ಟಿನ ಮುಂದೆ ಸಾಲು ನಿಂತಿತ್ತು. ಅರ್ಧ ಜನಕ್ಕೆ ಒಂದು ಕಣ್ಣಿಗೆ ಬಿಳಿ ಪಟ್ಟಿ, ಇನ್ನೊಂದು ಕಣ್ಣಲ್ಲಿ ನೀರು, ಕೈ ಹಿಡಿಯಲು ಮಗನೋ ಸೊಸೆಯೋ. ಭಾವ ಆ ಸಾಲನ್ನು ನೋಡಿ ಮಗಳ ಜೊತೆ ಮೆಟ್ಟಿಲ ಕಡೆ ತಿರುಗಿದರು. ಆ ಮಂಡಿಯಲ್ಲಿ ಒಂಬತ್ತು ಮಹಡಿ! ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಜನ ದಿನಾ ಹತ್ತಿ ಇಳಿಯುತ್ತಿರುವ ಲಿಫ್ಟಿಗೆ ಏನಾಗಿದೆ ದಾಡಿ ಎಂದುಕೊಂಡು, ಇದನ್ನು ಇವತ್ತೇ ಮುಗಿಸಬೇಕೆಂದು ನಾನು ಲಿಫ್ಟ್ ಹತ್ತಿದೆ.

ಆಸ್ಪತ್ರೆಯವರೆಲ್ಲ ಮೂರರಲ್ಲಿ ಇಳಿದರು. ಆಗ ಏನೂ ಆಗಲಿಲ್ಲ. ಒಳಗೆ ಉಳಿದವರು ನಾನು ಮತ್ತು ಒಬ್ಬ ಅಜ್ಜಿ. ಅವರ ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು, ಮೂರು ಬಂದದ್ದು ಗೊತ್ತಾಗದೆ ಒಳಗೇ ನಿಂತುಬಿಟ್ಟಿದ್ದರು. "ಮೇಲೆ ಹೋಗಿ ಹಾಗೇ ಕೆಳಗೆ ಬರೋಣ ಬಿಡಿ ಅಜ್ಜಿ" ಎಂದೆ. ಆರರಲ್ಲಿ ಬಾಗಿಲು ತೆರೆಯಿತು. ಹೊರಗಿನ ನೆಲ ನಮ್ಮ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಇದೇ ಮೂರು ಎಂದುಕೊಂಡ ಅಜ್ಜಿ ನನ್ನ ತೋಳು ಹಿಡಿದುಕೊಂಡೇ ಕಾಲು ಮುಂದಿಟ್ಟರು. ಅವರನ್ನು ತಡೆಯಲೆಂದು ನಾನೂ ಒಂದು ಕಾಲು ಎತ್ತಿ ಹೊರಗಿಟ್ಟೆ. ಆ ಕ್ಷಣದಲ್ಲಿ ಲಿಫ್ಟ್ ಜಾರಿತು. ಸದ್ದಿಲ್ಲ, ಗದ್ದಲವಿಲ್ಲ, ನುಣ್ಣಗೆ ಜಾರಿತು. ಹೊರಗಿದ್ದ ನನ್ನ ಮಂಡಿ ಎದೆಯ ಕಡೆ ಮಡಚಿತು. ನಾನು ಅಜ್ಜಿಯನ್ನು ಹಿಂದಕ್ಕೆ ಎಳೆದು ಕಾಲನ್ನು ಒಳಕ್ಕೆ ಸೆಳೆದುಕೊಂಡೆ. ಚಪ್ಪಲಿ ಕಳಚಿ ಸಂದಿಯೊಳಕ್ಕೆ ಬಿತ್ತು. ಇನ್ನರ್ಧ ಅಡಿ ಇಳಿದು ಲಿಫ್ಟ್ ನಿಂತಿತು.

"ಏನಪ್ಪಾ, ಬಂತಾ?" ಎಂದರು ಅಜ್ಜಿ. ಅವರಿಗೆ ಏನೂ ಕಾಣಿಸಿರಲಿಲ್ಲ. ಹೊಲಿಗೆಯ ಹೆಂಗಸರಿಬ್ಬರು ಓಡಿಬಂದು ಕೈ ಕೊಟ್ಟು ನಮ್ಮನ್ನು ಮೇಲೆಳೆದರು. "ಇದರ ಹಣೆಬರಹ ಇಷ್ಟೇ ಅಣ್ಣ, ನಾವು ಹತ್ತೋದೇ ಬಿಟ್ವಿ" ಎಂದಳು ಒಬ್ಬಳು. "ಆರನೇ ಮಹಡಿ" ಎಂಬ ಹೆಸರಲ್ಲಿ ಬರೆದದ್ದು ಅವಳೇ ಇರಬೇಕೆಂದು ನನಗನ್ನಿಸಿತು, ಕೇಳಲಿಲ್ಲ. ಅಜ್ಜಿಯನ್ನು ಮೆಟ್ಟಿಲಲ್ಲಿ ಒಂದೊಂದೇ ಹೆಜ್ಜೆ ಇಳಿಸಿ ಮೂರಕ್ಕೆ ಮುಟ್ಟಿಸಿ, ತಾರಸಿಗೆ ಹತ್ತಿದೆ.

ಅಪ್ಪ ಮಗಳು ಮೋಟಾರು ಕೋಣೆಯ ಜಾಲರಿ ಕಿಟಕಿಗೆ ಮುಖ ಒತ್ತಿ ನಿಂತಿದ್ದರು. ಕೋಣೆಗೆ ಬೀಗ ಹಾಕಿತ್ತು. ಮಗಳು ಮೊಬೈಲಿನ ಬೆಳಕನ್ನು ಜಾಲರಿಯೊಳಕ್ಕೆ ಬಿಡುತ್ತಿದ್ದಳು. ಒಳಗೆ ಮೋಟಾರಿನ ಪಕ್ಕದ ಪೆಟ್ಟಿಗೆಯಿಂದ ಎಣ್ಣೆ ಸೋರಿ ಬ್ರೇಕಿನ ಡ್ರಮ್ಮಿನ ಮೇಲೆ ಹೊಳೆಯುತ್ತಿತ್ತು. "ನೋಡ್ತಿರು ಪುಟ್ಟಿ. ಟಕ್ ಅಂತ ಸದ್ದಾದಾಗ ಬ್ರೇಕ್ ಹಿಡಿದ ಹಾಗೆ. ಆಮೇಲೆ ಡ್ರಮ್ ಅಲ್ಲಾಡಬಾರದು." ಟಕ್ ಎಂದಿತು. ಡ್ರಮ್ ಮತ್ತೂ ಕಾಲು ಸುತ್ತು ತಿರುಗಿತು. ಹನ್ನೊಂದು ಸಲ ಹಾಗೇ ನೋಡಿದರು. ಏಳು ಸಲ ತಿರುಗಿತು. ಮಗಳು ಎಣಿಸಿ ಬರೆದುಕೊಂಡಳು. ನನ್ನ ಒಂದೇ ಚಪ್ಪಲಿಯ ಕಾಲನ್ನು ನೋಡಿ ಇಬ್ಬರೂ ತಿರುಗಿದರು, ಆರರಲ್ಲಿ ಆದದ್ದನ್ನು ಹೇಳಿದೆ.

ಕಟ್ಟಡದ ಮ್ಯಾನೇಜರಿಗೆ ಹೇಳಿದೆವು. ಆತ ಕಾರ್ಡು ತೋರಿಸಿದ. ಆರು ತಿಂಗಳೂ ಸಹಿ, ಆರು ತಿಂಗಳೂ "ಓಕೆ". "ಕಂಪನಿಯವರೇ ಸರಿ ಇದೆ ಅಂದಿದಾರೆ, ನಿಮ್ಮದೇನು ಕಿರಿಕಿರಿ?" ಎಂದ. ಸರ್ಕಾರಿ ಲಿಫ್ಟ್ ಇನ್‌ಸ್ಪೆಕ್ಟರ್ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡು, ಬಂದು ನೋಡಲು ಮೂವತ್ತು ದಿನ ಬೇಕು ಎಂದರು.

ಶನಿವಾರ ಬೆಳಿಗ್ಗೆ ನಾನು ಹೋದಾಗ ಹತ್ತೂವರೆ. ಕಂಪ್ಯೂಟರ್ ತೆರೆದಿತ್ತು. ಮಗಳು ಕೈಕಟ್ಟಿ ಕೂತಿದ್ದಳು.

"ಅಳಿಸಲ್ಲ ಅಪ್ಪ. ಅದು ನಿಜ."

"ನಿಜ ಅಂತ ನಂಗೂ ಗೊತ್ತು. ಅಳಿಸು."

"ಇಷ್ಟು ವರ್ಷ ಒಂದು ಸುಳ್ಳಿಗೂ ಸಹಿ ಹಾಕದೋರು ನೀವು..."

"ನಾಲ್ಕು ವರ್ಷ ನೀನು ಓದಿದ್ದು ನಾನು ನೋಡಿಲ್ವಾ?" ಭಾವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಆ ಫಾರಂನಲ್ಲಿ 'ಹೌದು' ಅಂತ ಬರೆದ್ರೆ ಅವರು ಕೇಸ್ ಮುಗಿಯೋ ತನಕ ತಡೆಹಿಡೀತಾರೆ. ಕೇಸ್ ಎಷ್ಟು ವರ್ಷ ನಡೆಯುತ್ತೆ ಗುಮಾಸ್ತರೇ?"

"ಏಳು. ಎಂಟು."

"ಕೇಳಿಸ್ತಾ? ಸಹಿ ನಂದು. ಹೆಸರು ನಿಂದು ಇಟ್ಟಿದ್ದೇ ತಪ್ಪು. ನನ್ನ ಸಹಿಗೆ ನೀನು ಹೊಣೆ ಆಗೋದು ಬೇಡ."

ಅವಳು ಎದ್ದು ಅಡುಗೆಮನೆಗೆ ಹೋದಳು. ಭಾವ ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ಅಳಿಸುವ ಗುಂಡಿ ಎಲ್ಲಿದೆ ಎಂದು ಗೊತ್ತಿರಲಿಲ್ಲ, ಇದುವರೆಗೆ ಏನನ್ನೂ ಅಳಿಸಿರಲಿಲ್ಲ. ಒಂದೊಂದೇ ಒತ್ತಿ ನೋಡಿದರು. ಗಡಿಯಾರ ಹತ್ತೂ ನಲವತ್ತು. ಹತ್ತೂ ನಲವತ್ತೈದು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನಗೆ ಜಾಗ ಗೊತ್ತಿತ್ತು, ಕೈ ಚಾಚಿ ತೋರಿಸಬಹುದಿತ್ತು. ಯಾಕೋ ತೋರಿಸಲಿಲ್ಲ. ಹತ್ತೂ ಐವತ್ತೆರಡಕ್ಕೆ ಅವರೇ ಹುಡುಕಿದರು. ಖಚಿತವೇ ಎಂದು ಅದು ಕೇಳಿತು. ಭಾವ ಒತ್ತಿದರು. "ಆರನೇ ಮಹಡಿ" ಇದ್ದ ಜಾಗದಲ್ಲಿ ಬೇರೆ ಯಾರದೋ ದೂರು ಬಂದು ಕೂತಿತು.

ನಾನು ಮೇಡಂಗೆ ಫೋನ್ ಮಾಡಿ ಹೇಳುತ್ತಿದ್ದೆ. ಅಷ್ಟರಲ್ಲಿ ಭಾವ ಅಡುಗೆಮನೆಯ ಸ್ಟೂಲು ಎತ್ತಿಕೊಂಡು ಬಾಗಿಲು ದಾಟಿದ್ದರು. ಎಲ್ಲಿಗೆ ಎಂದು ಅಕ್ಕ ಕೂಗಿದರೆ ತಿರುಗಿ ನೋಡಲಿಲ್ಲ.

ಎಲ್ಲಿಗೆಂದು ನನಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಆಟೋದಲ್ಲಿ ಹಿಂದೆಯೇ ಹೋದೆ. ಲಿಫ್ಟಿನ ಬಾಗಿಲ ಪಕ್ಕ ಸ್ಟೂಲು ಹಾಕಿ ಕೂತಿದ್ದಾರೆ. ಬಂದವರಿಗೆಲ್ಲ ಒಂದೇ ಮಾತು: "ಬ್ರೇಕ್ ಹಿಡೀತಿಲ್ಲ. ಮೆಟ್ಟಿಲು ಹತ್ತಿ. ಕಣ್ಣು ಕಾಣದಿದ್ರೆ ನಾನು ಕರ್ಕೊಂಡು ಹೋಗ್ತೀನಿ." ಕೆಲವರು ಹುಚ್ಚನೆಂದು ನಕ್ಕು ಲಿಫ್ಟ್ ಹತ್ತಿದರು. ಹೆಚ್ಚಿನವರು ಹತ್ತಲಿಲ್ಲ. ಮ್ಯಾನೇಜರು ಓಡಿಬಂದ.

"ಯಾರ್ರೀ ನಿಮಗೆ ಹೇಳಿಕೊಟ್ಟಿದ್ದು? ಆ ವೆಬ್‌ಸೈಟಿನವರಾ?"

"ಯಾವ ವೆಬ್‌ಸೈಟೂ ಇಲ್ಲ, ಯಾರೂ ಹೇಳಿಕೊಟ್ಟಿಲ್ಲ. ಹೇಳ್ತಿರೋನು ನಾನು. ಹೆಸರು ಬರ್ಕೊಳ್ಳಿ." ಭಾವ ತಮ್ಮ ಹೆಸರು, ತಂದೆ ಹೆಸರು, ಮನೆ ವಿಳಾಸ, ಫೋನ್ ನಂಬರು ಎಲ್ಲವನ್ನೂ ನಿಧಾನವಾಗಿ ಹೇಳಿದರು. ಆತ ಬರೆದುಕೊಳ್ಳದಿದ್ದಾಗ ಔಷಧಿ ಅಂಗಡಿಯಿಂದ ಪೆನ್ನು ಇಸಿದುಕೊಂಡು ತಾವೇ ಬರೆದು ಕೈಗಿಟ್ಟರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಅವರ ಪಕ್ಕದಲ್ಲಿ ಹೋಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹೇಡಿತನ ಎಂದರೆ ಇದೇ, ಬೇರೆ ಹೆಸರು ಹುಡುಕುವುದು ಬೇಡ.

ಆರು ದಿನ ಹೋಗಿ ಕೂತರು. ಎರಡು ಸಲ ಪೊಲೀಸರು ಎಬ್ಬಿಸಿ ಕಳಿಸಿದರು, ಎರಡು ಸಲವೂ ಊಟ ಮಾಡಿ ವಾಪಸು ಹೋದರು. ಏಳನೇ ದಿನ ಲಿಫ್ಟಿನ ಬಾಗಿಲಿಗೆ "ದುರಸ್ತಿಯಲ್ಲಿದೆ" ಎಂಬ ಹಲಗೆ ಬಿತ್ತು. ಕಂಪನಿ ಅದನ್ನು ಎಲ್ಲರಿಗೂ ಮಾಡುವ ಮಾಮೂಲಿ ಕೆಲಸ ಎಂದಿತು.

ಅಷ್ಟರಲ್ಲಿ ಮಗಳ ಫಾರಂ ಹೋಗಿತ್ತು. ಹದಿನಾಲ್ಕನೇ ಪ್ರಶ್ನೆಗೆ "ಇಲ್ಲ". ತಿಂಗಳು ಕಳೆದು ನೇಮಕದ ಆದೇಶ ಬಂತು. ಅದಾಗಿ ಎರಡೇ ವಾರಕ್ಕೆ ಸಮನ್ಸು ಬಂತು, ಭಾವನ ಹೆಸರಿಗೆ. ಸಾರ್ವಜನಿಕವಾಗಿ ಸುಳ್ಳು ಹೇಳಿ ಕಂಪನಿಯ ಹೆಸರು ಕೆಡಿಸಿದ್ದಾರೆ ಎಂದು.

ಅಕ್ಕನ ಕಣ್ಣಲ್ಲಿ ನೀರು. ಭಾವ ಕನ್ನಡಕ ಹಾಕಿಕೊಂಡು ಹದಿನೇಳು ಹಾಳೆಯನ್ನೂ ಬೆರಳಿಟ್ಟು ಓದಿದರು. ಮೊದಲಿಂದ ಇನ್ನೊಮ್ಮೆ ಓದಿದರು. ಮಗಳ ಹೆಸರು ಎಲ್ಲೂ ಇರಲಿಲ್ಲ. ಅವರು ಹಾಳೆಗಳನ್ನು ಜೋಡಿಸಿಟ್ಟು, ಬಹುಮಾನ ಬಂದವರಂತೆ ಮುಖ ಅರಳಿಸಿಕೊಂಡು, "ಊಟಕ್ಕೆ ಹಾಕು" ಎಂದು ಅಕ್ಕನಿಗೆ ಹೇಳಿದರು.

ಮಗಳು ಶಾಲೆಯಿಂದ ಬಂದು ಚೀಲವನ್ನೂ ಇಳಿಸದೆ ಅದನ್ನು ಓದಿದಳು. ನಾನು ಉತ್ತರದ ಕರಡು ಬರೆಯಲು ಕೂತಿದ್ದೆ. ಅವಳು ನನ್ನ ಎದುರಿನ ಕುರ್ಚಿ ಎಳೆದುಕೊಂಡಳು.

"ಮಾವ, ನಮ್ಮ ಕಡೆ ಸಾಕ್ಷಿಗಳ ಪಟ್ಟಿ ಕೊಡಬೇಕಲ್ವಾ?"

"ಕೊಡಬೇಕು."

"ಮೊದಲನೇ ಹೆಸರು ನನ್ನದು ಬರೀರಿ. ಹನ್ನೊಂದು ಸಲದಲ್ಲಿ ಏಳು ಸಲ. ನಾನೇ ಎಣಿಸಿದ್ದು."

"ಬೇಡ" ಎಂದು ಭಾವ ಊಟದ ತಟ್ಟೆಯ ಮುಂದಿನಿಂದ ಎದ್ದೇಬಿಟ್ಟರು. "ಬೇಡ ಪುಟ್ಟಿ. ಆ ಕಾಗದದಲ್ಲಿ ನಿನ್ನ ಹೆಸರು ಬೇಡ."

"ಕೂತ್ಕೊಂಡು ಊಟ ಮಾಡಿ ಅಪ್ಪ," ಎಂದಳು ಅವಳು. ಹಾಗೆ ಅವರಿಗೆ ಯಾರೂ ಹೇಳಿರಲಿಲ್ಲ. ಭಾವ ನನ್ನ ಕಡೆ ನೋಡಿದರು, ನಾನು ಕಾಗದದ ಕಡೆ ನೋಡಿದೆ. ಅವಳ ಹೆಸರು ಬರೆದೆ. ಅವರು ಕೂತರು.

"ಎರಡನೇದು?" ಎಂದಳು.

ಇಪ್ಪತ್ತೆರಡು ವರ್ಷ ಬೇರೆಯವರ ಹೆಸರುಗಳನ್ನೇ ಬರೆದು ಬರೆದು ಅಭ್ಯಾಸವಾದ ಕೈ ನನ್ನದು. ಸಾಕ್ಷಿಯಾದರೆ ನಾನು ಈ ಕಡತವನ್ನು ಮತ್ತೆ ಮುಟ್ಟುವಂತಿಲ್ಲ, ಮೇಡಂ ಏನನ್ನುತ್ತಾರೋ ಗೊತ್ತಿಲ್ಲ, ಕಂಪನಿಯ ವಕೀಲರು ಕಟಕಟೆಯಲ್ಲಿ ನಿಲ್ಲಿಸಿ ಬೆವರಿಳಿಸುವುದು ಖಂಡಿತ. ಅಷ್ಟೆಲ್ಲ ನನಗೆ ಗೊತ್ತು ಎಂದು ಅವಳಿಗೂ ಗೊತ್ತಿತ್ತು.

ನಾನು ನನ್ನ ಹೆಸರು ಬರೆದೆ.